ಬಾಗಿಲಿನಷ್ಟು ಜಾಗ

ಶ್ರಾವಣದ ಶನಿವಾರಗಳಲ್ಲಿ ಪಾವಗಡದ ಶನೈಶ್ಚರ ದೇವಸ್ಥಾನಕ್ಕೆ ಜನವೋ ಜನ. ಅಂಥದೊಂದು ಶನಿವಾರ ಊರೊಳಗೆ ಎರಡು ಸುತ್ತು ಹಾಕಿದ ಮೇಲೆ ಎರಡು ಕಾರುಗಳ ನಡುವೆ ನನಗೊಂದು ಸಂದು ಸಿಕ್ಕಿತು. ನಾಲ್ಕು ಸಲ ಹಿಂದೆ ಮುಂದೆ ಮಾಡಿ ಕಾರು ಸೇರಿಸಿದೆ. ಬಲಗಡೆ ನಾನು ಇಳಿಯುವಷ್ಟು ಜಾಗ ಬಿಟ್ಟುಕೊಂಡೆ. ಎಡಗಡೆ ಇಳಿಯುವವರು ಯಾರೂ ಇರಲಿಲ್ಲ. ಆ ಕಡೆಗೆ ಒತ್ತಿ ನಿಲ್ಲಿಸಿದೆ. ಸುಣ್ಣದ ಗೆರೆ ಮಾತ್ರ ದಾಟಿರಲಿಲ್ಲ. ಏನೋ ಸಾಧಿಸಿದವನಂತೆ ನಡೆದೆ.

ಮರಳಿ ಬಂದಾಗ ಎಡಗಡೆಯ ಕಾರಿನ ಹಿಂದೆ ಒಬ್ಬ ಅಜ್ಜಿ ಬಿಸಿಲಲ್ಲಿ ನಿಂತಿದ್ದರು, ಜೊತೆಗೆ ಮಗ. ಅವರ ಕಾರಿನ ಆ ಬದಿಗೆ ಗೋಡೆ, ಈ ಬದಿಗೆ ನಾನು. ಯಾವ ಬಾಗಿಲೂ ತೆರೆಯುವಂತಿರಲಿಲ್ಲ. "ಬಂದ್ಯೇನಪ್ಪಾ, ನಿನ್ಗೇ ಕಾಯ್ತಾ ಇದ್ವಿ" ಎಂದರು ಅಜ್ಜಿ. ಬೈದಿದ್ದರೆ ಚೆನ್ನಾಗಿತ್ತು. 'ನಾನು ಗೆರೆ ದಾಟಿಲ್ವಲ್ಲ' ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನಿಜವಾದ ಮಾತೇ. ಆದರೂ ಆಡಲಾಗಲಿಲ್ಲ.

ಲೆಕ್ಕ ಹಾಕಿ ನೋಡಿ. ಕಾರು ನಿಲ್ಲಿಸುವ ಜಾಗ ಸಾಮಾನ್ಯವಾಗಿ 2.5 ಮೀಟರ್ ಅಗಲ. 1983ರಲ್ಲಿ ಬಂದ ಮಾರುತಿ 800 ಒಂದೂವರೆ ಮೀಟರಿಗಿಂತ ಕಡಿಮೆ ಅಗಲವಿತ್ತು. ಇಂದಿನ ಎಷ್ಟೋ ಕಾರುಗಳು 1.7 ಮೀಟರ್ ದಾಟಿವೆ. ನಡುವೆ ನಿಲ್ಲಿಸಿದರೂ ಪ್ರತಿ ಬದಿಗೆ ಉಳಿಯುವುದು 40 ಸೆಂಟಿಮೀಟರ್. ಅಷ್ಟರಲ್ಲಿ ಮಂಡಿ ನೋವಿನ ಅಜ್ಜಿ ಹತ್ತಲಾರರು. ಪಕ್ಕದವನ 40 ಸೇರಿದರೆ ಇಬ್ಬರಿಗೂ ಸಾಕು. ನಮ್ಮ ಕಡೆಯ ಹೊಲಗಳ ಬದುವೂ ಹೀಗೆಯೇ. ಅರ್ಧ ಇವನದು, ಅರ್ಧ ಅವನದು. ನಡೆದಾಡಲು ಇಬ್ಬರಿಗೂ ಪೂರ್ತಿ ಬೇಕು. ತನ್ನ ಅರ್ಧವನ್ನು ಉತ್ತುಕೊಂಡವನು ಕಳ್ಳನಲ್ಲ. ಆದರೆ ದಾರಿ ಹೋಯಿತು.

ಜಾಗವೇ ಇಲ್ಲದ ಊರಲ್ಲಿ ಇದೆಲ್ಲ ಆಗುವ ಮಾತೇ ಎಂದು ನೀವು ಕೇಳಬಹುದು. ಬಸ್ಸಿನ ಸೀಟಿನಲ್ಲೂ ಜಾಗ ಕಡಿಮೆಯೇ. ಆದರೆ ಅಲ್ಲಿ ಪಕ್ಕದವರು 'ಸ್ವಲ್ಪ ಸರೀರಿ' ಎನ್ನುತ್ತಾರೆ, ನಾವು ಸರಿಯುತ್ತೇವೆ. ಖಾಲಿ ಕಾರು ಹಾಗೆ ಕೇಳಲಾರದು. ಎದುರಿಗೆ ಇಲ್ಲದವರ ಮಾತನ್ನು ನಾವೇ ಕೇಳಿಸಿಕೊಳ್ಳಬೇಕು. ಕಷ್ಟವಿರುವುದು ಸ್ಟೀರಿಂಗ್ ತಿರುಗಿಸುವುದರಲ್ಲಲ್ಲ, ಇದರಲ್ಲಿ.

ಈಗ ಕಾರು ನಿಲ್ಲಿಸಿ ಇಳಿದ ಮೇಲೆ ಪಕ್ಕದ ಕಾರಿನ ಬಾಗಿಲು ತೆರೆದೀತೇ ಎಂದು ನೋಡುತ್ತೇನೆ. ತೆರೆಯದು ಅನ್ನಿಸಿದರೆ ಮತ್ತೆ ಹತ್ತಿ ಕಾರು ತೆಗೆಯುತ್ತೇನೆ, ಊರಾಚೆ ನಿಲ್ಲಿಸಿ ನಡೆದು ಬರುತ್ತೇನೆ. ಅವಸರವಿದ್ದ ದಿನ ನೋಡದೆ ಹೋದದ್ದೂ ಉಂಟು. ಆ ದಿನಗಳಲ್ಲಿ ಕಾರಿನ ಹತ್ತಿರ ಮರಳುವಾಗ, ಯಾರಾದರೂ ಬಿಸಿಲಲ್ಲಿ ನಿಂತಿದ್ದಾರೇನೋ ಎಂದು ದೂರದಿಂದಲೇ ಹುಡುಕುತ್ತೇನೆ.