ಮಕ್ಕಳು ಕಾಣದ ಬೇಸಗೆ

ನನ್ನ ಮಕ್ಕಳ ಲೆಕ್ಕದಲ್ಲಿ ಶಿರಸಿಯಲ್ಲಿ ಬಿಸಿಲೇ ಇಲ್ಲ.

ಅವರು ಬೆಳೆಯುತ್ತಿರುವುದು ಸ್ಟಾಕ್‌ಹೋಮ್‌ನಲ್ಲಿ. ಇಲ್ಲಿ ಶಾಲೆಗೆ ದೊಡ್ಡ ರಜೆ ಜೂನ್ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ. ಏಪ್ರಿಲ್‌ನಲ್ಲಿ ಊರಿಗೆ ಹೊರಡುತ್ತೇವೆಂದರೆ ಮುಖ್ಯೋಪಾಧ್ಯಾಯರ ಅಪ್ಪಣೆ ಬೇಕು. ಸಿಕ್ಕರೂ ನಾಲ್ಕಾರು ದಿನ. ಹಾಗಾಗಿ ಅಜ್ಜಿಮನೆಗೆ ನಾವು ಹೋದಾಗಲೆಲ್ಲ ಆರಿದ್ರೆಯೋ ಪುನರ್ವಸುವೋ ಹಿಡಿದು ಹೊಯ್ಯುತ್ತಿರುತ್ತದೆ. ಮಕ್ಕಳಿಗೆ ಗೊತ್ತಿರುವ ಊರೆಂದರೆ ಪಾಚಿಗಟ್ಟಿದ ಅಂಗಳ, ಕಾಲಿಗೆ ಹತ್ತುವ ಉಂಬಳ, ಬಚ್ಚಲೊಲೆಯ ಮೇಲೆ ಒಣಗಲು ಹಾಕಿ ಹೊಗೆ ವಾಸನೆ ಹಿಡಿದ ಅಂಗಿ, ಸಂಜೆಗೆ ಕೈಕೊಡುವ ಕರೆಂಟು.

ನನ್ನ ಊರು ಅದಲ್ಲ. ಏಪ್ರಿಲ್ 10ಕ್ಕೆ ಪಾಸು ಫೇಲು ಗೊತ್ತಾಯಿತೆಂದರೆ ಮರುದಿನದಿಂದ ಕಾಲಿಗೆ ಚಪ್ಪಲಿ ಇಲ್ಲ. ಬೆಟ್ಟದ ಕವಳಿಹಣ್ಣು, ಗಂಟಲು ಕೆರೆಯುವ ಗೇರುಹಣ್ಣು, ಮುರುಗಲು ಪಾನಕ. ಅಂಗಳದ ತುಂಬ ಚಾಪೆ ಹಾಸಿ ಹಲಸಿನ ಹಪ್ಪಳ ಒಣಗಿಸುತ್ತಿದ್ದರು, ಕಾಗೆ ಕಾಯುವ ಕೆಲಸ ನಮ್ಮದು. ಅರೆಬರೆ ಒಣಗಿದ ಹಪ್ಪಳದ ರುಚಿ ಕಾಗೆಗಿಂತ ನಮಗೇ ಚೆನ್ನಾಗಿ ಗೊತ್ತಿತ್ತು. ದೊಡ್ಡವರು ಬಾವಿಗೆ ಬಗ್ಗಿ ನೀರು ಎಷ್ಟಿದೆಯೆಂದು ನೋಡಿ ಮಾತಿಲ್ಲದೆ ಒಳಗೆ ಹೋಗುತ್ತಿದ್ದರು. ಅವರಿಗೆ ಬೇಸಗೆ ಅಷ್ಟೇನೂ ಸುಖದ್ದಾಗಿರಲಿಲ್ಲ ಎಂಬುದು ಈಗ ಹೊಳೆಯುತ್ತದೆ.

ಬೇಸಗೆಗೆ ಹಂಬಲಿಸುವವನಿಗೆ ಸ್ಟಾಕ್‌ಹೋಮ್‌ನಲ್ಲಿ ಬೆಳಕಿಗೇನು ಬರವಿಲ್ಲ. ಜೂನ್‌ನಲ್ಲಿ ಹಗಲು 18 ತಾಸಿಗೂ ಹೆಚ್ಚು. ರಾತ್ರಿ ಹತ್ತಾದರೂ ಹೊರಗೆ ಬೆಳಗಿರುತ್ತದೆ, ದಪ್ಪ ಪರದೆ ಎಳೆದು ಮಕ್ಕಳನ್ನು ಮಲಗಿಸಬೇಕು. ಇಷ್ಟಾಗಿಯೂ ಸೂರ್ಯ ನೆತ್ತಿಗೆ ಏರುವುದೇ ಇಲ್ಲ; ನಡುಹಗಲಲ್ಲೂ ದಕ್ಷಿಣಕ್ಕೆ ಓರೆಯಾಗಿಯೇ ಹಾದುಹೋಗುತ್ತಾನೆ. ಶಿರಸಿಯದು ಇದಕ್ಕೆ ತಿರುಗುಮುರುಗು. ಅಲ್ಲಿ ವರ್ಷದ ಅತಿ ದೀರ್ಘ ಹಗಲಿಗೂ ಅತಿ ಗಿಡ್ಡ ಹಗಲಿಗೂ ಎರಡು ತಾಸಿನ ವ್ಯತ್ಯಾಸವೂ ಇಲ್ಲ. ಬೇಸಗೆಯಲ್ಲೂ ಏಳು ಗಂಟೆಯ ಆಸುಪಾಸಿಗೆ ಕತ್ತಲು ಕವಿದು, ಜಗುಲಿಯಲ್ಲಿ ಮಲಗಿದವರಿಗೆ ನಕ್ಷತ್ರ ಕಾಣುತ್ತವೆ. ನನ್ನ ಮಕ್ಕಳಿಗೆ ಬೇಸಗೆಯಲ್ಲಿ ನಕ್ಷತ್ರ ನೋಡಬಹುದೆಂಬುದೇ ವಿಚಿತ್ರ ಸಂಗತಿ.

ಇದಕ್ಕಿಂತ ನನ್ನನ್ನು ಬೆರಗಾಗಿಸುವುದು ಇನ್ನೊಂದಿದೆ. ಶಿರಸಿಯ ನೆತ್ತಿಯ ಮೇಲೆ ಸೂರ್ಯ ನೆಟ್ಟಗೆ ಬರುವುದು ವರ್ಷಕ್ಕೆ ಎರಡು ಸಲ. ಏಪ್ರಿಲ್ ಕೊನೆಗೊಮ್ಮೆ, ಆಗಸ್ಟ್ ಎರಡನೇ ವಾರದಲ್ಲಿ ಮತ್ತೊಮ್ಮೆ. ಮಧ್ಯಾಹ್ನ ನಮ್ಮ ನೆರಳು ನಮ್ಮ ಕಾಲಡಿಗೇ ಸೇರಿಹೋಗುವ ದಿನಗಳವು. ಮೊದಲನೆಯದು ನನ್ನ ರಜೆಯ ನಡುವೆ ಬರುತ್ತಿತ್ತು. ಎರಡನೆಯದು ಬರುವ ಹೊತ್ತಿಗೆ ಮಕ್ಕಳು ಸೂಟ್‌ಕೇಸ್ ತುಂಬಿಸಿಕೊಳ್ಳುತ್ತಿರುತ್ತಾರೆ. ಅದೇ ಸೂರ್ಯ, ಅಷ್ಟೇ ಎತ್ತರ. ನಡುವೆ ಆಶ್ಲೇಷಾ ಮಳೆಯ ಮೋಡ. ಅಂದರೆ ನಾನು ಕಳೆದುಕೊಂಡೆನೆಂದು ಇಷ್ಟು ವರ್ಷ ಕೊರಗುತ್ತಿದ್ದ ಸೂರ್ಯ ಅವರ ನೆತ್ತಿಯ ಮೇಲೂ ಬಂದುಹೋಗುತ್ತಾನೆ, ಅವರಿಗೆ ಸುಳಿವು ಕೊಡದೆ. ಭೂಮಿ ಇಪ್ಪತ್ತಮೂರೂವರೆ ಡಿಗ್ರಿ ವಾಲಿದೆ ಎಂದು ಶಾಲೆಯಲ್ಲಿ ಉರುಹೊಡೆದಾಗ, ಆ ವಾಲು ಒಂದೇ ಮನೆಯಲ್ಲಿ ಅಪ್ಪನಿಗೊಂದು ಊರು, ಮಕ್ಕಳಿಗೊಂದು ಊರು ಮಾಡಿಡುತ್ತದೆಂದು ಯಾವ ಮೇಷ್ಟರೂ ಹೇಳಿರಲಿಲ್ಲ.

ಆ ಎರಡು ಊರುಗಳಿಗೆ ನಂಟು ಇಲ್ಲವೆಂದಲ್ಲ. ಮಳೆ ಜೋರಾದ ಸಂಜೆ ಅಮ್ಮ ಡಬ್ಬಿ ತೆಗೆದು ಹಪ್ಪಳ ಕರಿಯುತ್ತಾಳೆ. ಏಪ್ರಿಲ್ ಬಿಸಿಲಲ್ಲಿ ಒಣಗಿದ್ದು ಅದು. ಭರಣಿಯ ಅಪ್ಪೆಮಿಡಿಯೂ ಬೇಸಗೆಯದೇ. ಮಕ್ಕಳು ನನ್ನ ಬಿಸಿಲನ್ನು ಕಟುಕುಟು ಅಗಿದು ಇನ್ನೊಂದು ಬೇಕೆನ್ನುತ್ತಾರೆ.

ಮೊನ್ನೆ ಫೋನಿನಲ್ಲಿ ಅಮ್ಮ, “ಒಂದ್ಸಲನಾದ್ರೂ ಬೇಸಗೇಲಿ ಬನ್ರೋ, ಹುಡುಗರಿಗೆ ಮಾವಿನಹಣ್ಣು ತಿನ್ನಿಸ್ಬೇಕು” ಅಂದಳು. ಮಗಳಿಗೆ ಉತ್ಸಾಹದಿಂದ ಹೇಳಿದೆ: ಕವಳಿಹಣ್ಣು, ಹೊಳೆಯಲ್ಲಿ ಈಜು, ಜಗುಲಿಯ ನಿದ್ದೆ. ಇನ್ಯಾರದೋ ದೇಶದ ಸುದ್ದಿ ಕೇಳುವಂತೆ ಕೇಳಿ, ಅವಳು ನಿಜವಾದ ಗಾಬರಿಯಿಂದಲೇ ಕೇಳಿದಳು: “ಕಪ್ಪೆ ಇರಲ್ವಾ? ಮಳೆ ಇಲ್ದೆ ಅಲ್ಲಿಗೆ ಹೋಗಿ ಏನಪ್ಪಾ ಮಾಡೋದು?”