ಕಾಟಾಕ್ಕೆ ಕಾಣದ ಕೈ

ತೇರಗಾಂವದಲ್ಲಿ ಕಬ್ಬು ಕಡಿಯುವ ಹಂಗಾಮು. ಸಂಜೆ ಕಟ್ಟೆಯ ಮೇಲೆ ಕೂತು ಕಾಕಾ ಕುಡಗೋಲು ಮಸೆಯುತ್ತಿದ್ದಾರೆ. ಧಾರವಾಡದಲ್ಲಿ ಕಾನೂನು ಓದುವ ಅಣ್ಣನ ಮಗಳು ಸೂಟಿಗೆ ಬಂದಿದ್ದಾಳೆ. ಇಬ್ಬರಿಗೂ ಸೋತು ರೂಢಿಯಿಲ್ಲ.

ಕಾಕಾ: ಹದಿನಾಲ್ಕರ ಒಳಗಿನ ಹುಡುಗರು ದುಡೀಬಾರದಂತ. ನನ್ನ ಮಗ ಆಕಳ ಮೈ ತೊಳದ್ರ ನಾ ಜೇಲಿಗೆ ಹೋಗ್ಬೇಕೇನ ಯವ್ವಾ?

ಮಗಳು: ಇಲ್ರಿ ಕಾಕಾ. 2016ರ ತಿದ್ದುಪಡ್ಯಾಗ ಮನಿ ಮಂದಿಗೆ ನೆರವಾಗಬಹುದು ಅಂತ ಐತಿ. ಸಾಲಿ ಬಿಟ್ಟ ಮ್ಯಾಲೆ, ಇಲ್ಲಾ ಸೂಟ್ಯಾಗ. ಅಪಾಯದ ಕೆಲಸ ಇರಬಾರದು ಅಷ್ಟ. ಮನಿ ಮಂದಿ ಯಾರು ಅಂತನೂ ಬರದಾರ. ಅವ್ವ, ಅಪ್ಪ, ಒಡಹುಟ್ಟಿದವರು, ಕಾಕಾ, ಅತ್ತಿ, ಸೋದರಮಾವ, ಮೌಶಿ.

ಕಾಕಾ: ನಾನೂ ಅದೀನಲ್ಲಾ! ಅಜ್ಜ?

ಮಗಳು: ಅಜ್ಜ ಇಲ್ರಿ.

ಕಾಕಾ: ಅಜ್ಜನ್ನ ಬಿಟ್ಟು ಮನಿ ಬರದಾಂವ ಎಂಥಾ ಮನ್ಯಾಗ ಬೆಳದಾನ?

ಮಗಳು: ಇನ್ನೂ ಕೇಳ್ರಿ. 2017ರ ನಿಯಮದ ಪ್ರಕಾರ ಸಂಜಿ ಏಳರಿಂದ ಮುಂಜಾನೆ ಎಂಟರ ತನಕ ಆ ನೆರವೂ ಮಾಡಿಸಿಕೊಳ್ಳುವಂಗಿಲ್ಲ.

ಕಾಕಾ: ಅದನ್ನ ಆಕಳಿಗೆ ಹೇಳಿ ಬಾ. ಅದು ಐದಕ್ಕ ಒದರ್ತೈತಿ.

(ಇಲ್ಲಿಗೆ ಕಾಕಾ ಗೆದ್ದರೆಂದೇ ನನಗೂ ಅನಿಸಿತ್ತು.)

ಮಗಳು: ನೀವು ಹೇಳೋ ಮಾತು ಬ್ಯಾರೆ ಕಡೇನೂ ಐತಿ ಕಾಕಾ. ಆಫ್ರಿಕಾದ ದೇಶಗಳು ಮಕ್ಕಳ ಹಕ್ಕಿಗೆ 1990ರಾಗ ತಮ್ಮದ ಒಂದು ಸನ್ನದು ಮಾಡಿಕೊಂಡಾವ. ಹಿಂದಿನ ವರ್ಷನ ವಿಶ್ವಸಂಸ್ಥೆ ಒಂದು ಮಾಡಿತ್ತು, ಆದ್ರೂ ಇವರು ಬ್ಯಾರೆ ಬರಕೊಂಡ್ರು. ಅದರ 31ನೇ ವಿಧಿ ಮಕ್ಕಳಿಗೂ ಕರ್ತವ್ಯ ಅದಾವ ಅಂತೈತಿ. ಮನಿ ಒಗ್ಗಟ್ಟಿಗೆ ದುಡೀಬೇಕು, ಹಿರೇರಿಗೆ ಮರ್ಯಾದಿ ಕೊಡಬೇಕು, ಅಡಚಣಿ ಬಂದ್ರ ಕೈ ಹಚ್ಚಬೇಕು.

ಕಾಕಾ: ನೋಡು, ಶಾಣ್ಯಾ ಮಂದಿ! ನಮ್ಮ ಹಳಿಯಾಳ ಕಡೆ ಸಿದ್ದಿ ಮಂದಿಯ ಹಿರೇರೂ ಅಲ್ಲಿಂದನ ಬಂದವರು.

ಮಗಳು: ಬಂದವರಲ್ಲ ಕಾಕಾ, ಹಿಡಕೊಂಡ ತಂದದ್ದು. ಪೋರ್ತುಗೀಜರು ಗುಲಾಮರನ್ನಾಗಿ ಗೋವಾಕ್ಕ ತಂದ್ರು. ಅಂಥವರ ಮಕ್ಕಳೂ ಯಾರದೋ ಮನ್ಯಾಗ ‘ನಮ್ಮ ಮನಿ ಹುಡುಗ’ ಅನಿಸಿಕೊಂಡನ ದುಡದಿರಬೇಕು. ಆ ಸನ್ನದಿನ 31ನೇ ವಿಧಿನೂ ಕರ್ತವ್ಯ ಹೇಳೋಕಿಂತ ಮೊದಲ ‘ವಯಸ್ಸು, ಶಕ್ತಿಗೆ ತಕ್ಕಂಗ’ ಅಂತೈತಿ. ಹುಡುಗರನ್ನ ದುಡಿಸಿ ತಿನ್ನಬಾರದು ಅಂತ 15ನೇ ವಿಧಿ ಬ್ಯಾರೆನ ಐತಿ.

ಕಾಕಾ: ನಮ್ಮ ಮನ್ಯಾಗ ಯಾರು ತಿನ್ನಾಕತ್ತಾರ?

ಮಗಳು: ನಿಮ್ಮ ಹೊಲದಾಗ ಕಬ್ಬು ಕಡಿಯೋ ಮರಾಠಿ ಗ್ಯಾಂಗ್ ಇಳದೈತಿ. ಒಂದು ಹುಡುಗಿ, ಹತ್ತು ವರ್ಷ ಇದ್ದೀತು, ಅವ್ವ ಕಡದ ಕಬ್ಬು ಒಟ್ಟು ಮಾಡಿ ಹೊರಿ ಕಟ್ತಾಳ. ಅಂಗೈ ತುಂಬ ಗರಿ ಗೀರಿದ ಗೆರಿ. ಆಕಿದೂ ನೆರವ ಏನು?

ಕಾಕಾ: ಆಕಿಗೆ ಅಂತ ಯಾರೂ ಪಗಾರ ಕೊಡೋದಿಲ್ಲ. ಕೂಲಿ ಟನ್ನಿನ ಲೆಕ್ಕ.

ಮಗಳು: ಅದನ್ನ ಹೇಳಾಕತ್ತೇನಿ. ಟ್ರ್ಯಾಕ್ಟರ್ ಕಾಟಾದ ಮ್ಯಾಲೆ ನಿಂತಾಗ ಯಾವ ಹೊರಿ ಯಾರು ಕಟ್ಟಿದ್ದು ಅಂತ ಕಾಟಾ ತೋರಸ್ತೈತೇನು? ನಿಮ್ಮ ಮಗ ಒಂದಿನ ತಪ್ಪಿಸಿಕೊಂಡ್ರ ಆಕಳ ಹೊಲಸ ಇರ್ತೈತಿ. ಆಕಿ ತಪ್ಪಿಸಿಕೊಂಡ್ರ ಅವ್ವ ತಗೊಂಡ ಮುಂಗಡ ತೀರೋದಿಲ್ಲ. ನೆರವು ಅಂದ್ರ ‘ಒಲ್ಲೆ’ ಅನ್ನಾಕ ಬರಬೇಕು.

ಕಾಕಾ: ನನ್ನ ಮಗ ಒಲ್ಲೆ ಅಂದ್ರ ನಾ ಬಿಡ್ತೇನೇನು?

ಮಗಳು: ಬಿಡೋದಿಲ್ಲ. ಆದ್ರ ಗಂಟಿ ಬಾರಿಸೋದರಾಗ ಸಾಲಿಗೆ ಓಡಸ್ತೀರಿ. ಆಕಿನ್ನ ಯಾರು ಓಡಸಬೇಕು? ಟಿಸಿ ಇಲ್ಲಂತ ಸಾಲ್ಯಾಗ ತಿರಗಿ ಕಳಸುವಂಗಿಲ್ಲ, 2009ರ ಕಾಯ್ದೆದಾಗನ ಐತಿ.

ಕಾಕಾ: ಕನ್ನಡ ಸಾಲ್ಯಾಗ ಮರಾಠಿ ಹುಡುಗಿ ಏನ ಕಲೀತಾಳ?

ಮಗಳು: ಹಳಿಯಾಳ ತಾಲೂಕಿನಾಗ ಮರಾಠಿ ಸಾಲಿ ಇಲ್ಲೇನ್ರಿ?

ಕಾಕಾ ಕುಡಗೋಲಿನ ಅಂಚನ್ನು ಹೆಬ್ಬೆರಳಿನಿಂದ ಮುಟ್ಟಿ ನೋಡಿದರು. ಒಳಗೆ ಗಡಿಯಾರ ಬಡಿಯಿತು.

ಕಾಕಾ: ಏಳಾತು. (ಮಗನಿಗೆ) ಲೇ, ಬಿಡೋ, ಆಕಳಿಗೆ ನಾನ ಮೇವು ಹಾಕ್ತೇನಿ.

ಮಗಳು: ಅದು ಹಗೂರ ಕಾಕಾ. ನಾಳೆ ಗ್ಯಾಂಗ್ ಎಷ್ಟಕ್ಕ ಹೊಲಕ್ಕ ಇಳೀತೈತಿ?

ಕಾಕಾ: ...ನಾಕಕ್ಕ.