ವಿಮಾನದಾಗ ಒಬ್ಬನೇ ಉಂಡ ಊಟ

ವಾಚನಾಲಯದ ಹುಡುಗರು ಮನೆಗೆ ಬಂದು, "ಕಾಕಾ, ಈ ಸಲದ ಪುಸ್ತಕಕ್ಕ ನೀವೂ ಒಂದು ಲೇಖನ ಬರೀರಿ" ಅಂದರು. ನಾನು ಕಲಿತದ್ದು ಏಳನೇ ಇಯತ್ತೆ. ಹಾಡು ಅಂದ್ರ ಬೆಳತನಕ ಹಾಡೇನು, ಬರಿ ಅಂದ್ರ ಕೈ ನಡಗತದ. ಆದರೂ ಒಂದು ಮಾತು ನನ್ನ ಮನಸ್ಸಿನಾಗ ಮುಳ್ಳಿನಂಗ ನೆಟ್ಟದ. ಅದನ್ನು ಹಾಡಿನಾಗ ಹೇಳಲಿಕ್ಕ ನನಗ ಬರಲಿಲ್ಲ, ಅದಕ್ಕ ಬರೀತೀನಿ. ಮಾತು ಇಷ್ಟೇ: ಬಾಜೂಕ ಕುಂತವನು ಹಸದಾನ ಅಂತ ಗೊತ್ತಿದ್ದೂ, ನನ್ನ ಪಾಲಿನ ಊಟ ನಾನು ಉಂಡರ ತಪ್ಪೇನು?

ನಾಕು ವರ್ಷದ ಹಿಂದಿನ ಸುದ್ದಿ. ದಿಲ್ಲಿಯೊಳಗ ಒಂದು ಜಾನಪದ ಕಾರ್ಯಕ್ರಮಕ್ಕ ನಮ್ಮ ಮೇಳಕ್ಕ ಕರೆ ಬಂತು. ನಾನು, ಹಿಮ್ಮೇಳದವರು ಇಬ್ಬರು, ದಮ್ಮಡಿ ಬಾರಿಸೋ ತಮ್ಮ ಒಬ್ಬ, ಹಿಂಗ ನಾಕು ಮಂದಿ. ಕಾರ್ಯಕ್ರಮದವರೇ ವಿಮಾನದ ಟಿಕೆಟ್ ತೆಗೆದಿದ್ದರು. ಅರವತ್ತು ದಾಟಿದ ಮ್ಯಾಲ ಮೊದಲನೇ ಸಲ ವಿಮಾನ ಹತ್ತೋದು. ನಸುಕಿನಾಗ ದಾಳಿಂಬ ಬಿಟ್ಟು, ಉಮರ್ಗಾ, ಹುಮನಾಬಾದ, ಜಹೀರಾಬಾದ ದಾಟಿ ಹೈದರಾಬಾದ ಮುಟ್ಟೋದ್ರಾಗ ಬಿಸಿಲು ಏರಿತ್ತು. ನಮ್ಮ ಮನೆಯಾಕೆ ರಾತ್ರಿಯೆಲ್ಲ ಒಲಿ ಮುಂದ ಕುಂತು ಇಪ್ಪತ್ತು ಖಡಕ್ ಜೋಳದ ರೊಟ್ಟಿ ಬಡಿದಿದ್ದಳು. ಶೇಂಗಾ ಹಿಂಡಿ, ನಾಕು ಉಳ್ಳಾಗಡ್ಡಿ. ಎಲ್ಲ ಒಂದು ಬಿಳಿ ಧೋತರದ ತುಂಡಿನಾಗ ಗಂಟು ಕಟ್ಟಿ ನನ್ನ ಚೀಲದಾಗ ಇಟ್ಟಳು. "ದಾರಿಯಾಗ ಯಾರರ ಸಿಗತಾರ, ಒಬ್ಬರೇ ಉಣಬ್ಯಾಡ್ರಿ" ಅಂದಳು. ಇದು ಆಕೆ ಪ್ರತಿ ಸಲ ಹೇಳೋ ಮಾತು. ನಾನು ಕೇಳಿಸಿಕೊಳ್ಳಲೇ ಇಲ್ಲ.

ವಿಮಾನದಾಗ ನಮ್ಮ ನಾಕು ಮಂದಿಗೂ ಬ್ಯಾರೆ ಬ್ಯಾರೆ ಕಡೆ ಜಾಗ ಬಂತು. ನನ್ನ ಎಡಕ್ಕ ಕಿಡಕಿ ಹತ್ತಿರ ಒಬ್ಬ ಹುಡುಗ, ಇಪ್ಪತ್ತು-ಇಪ್ಪತ್ತೆರಡರವ. ಕೈಬೆರಳಿನ ಸಂದಿನಾಗ ಸಿಮೆಂಟು ಒಣಗಿ ಹತ್ತಿತ್ತು. ಬಲಕ್ಕ ಒಬ್ಬ ಸಾಹೇಬ, ಕಿವಿಯಾಗ ಏನೋ ಸಿಗಿಸಿಕೊಂಡು ಮಲಗಿಬಿಟ್ಟಿದ್ದ. ನನಗ ಹಿಂದಿ ಉರ್ದು ಬರತದ. ಹುಡುಗನ್ನ ಮಾತಾಡಿಸಿದೆ. ಬಿಹಾರದವ, ಹೈದರಾಬಾದದಾಗ ಗವಂಡಿ ಕೈಕೆಳಗ ಕೆಲಸ. ತಂದಿಗೆ ಜಡ್ಡು ಜಾಸ್ತಿ ಆಗ್ಯದ ಅಂತ ಫೋನ್ ಬಂದಿತ್ತು. ರೈಲಿನಾಗ ಹೋದರ ತಡ ಆಗತದ ಅಂತ ಗುತ್ತೇದಾರ ರೊಕ್ಕ ಮುಂಗಡ ಕೊಟ್ಟು ವಿಮಾನ ಹತ್ತಿಸಿದ್ದ. ದಿಲ್ಲಿಗೆ ಹೋಗಿ ಅಲ್ಲಿಂದ ಮುಂದ ಹೋಗಬೇಕು. ನಿನ್ನೆ ರಾತ್ರಿಯಿಂದ ವಿಮಾನತಾಣದಾಗೇ ಕುಂತಿದ್ದನಂತ. ಅಲ್ಲಿ ಒಂದು ಕಪ್ ಚಹಾದ ರೇಟು ಕೇಳಿ ಹಿಂದಕ್ಕ ಬಂದೆ ಅಂತ ನಕ್ಕ.

ಸ್ವಲ್ಪ ಹೊತ್ತಿಗೆ ವಿಮಾನದ ಹೆಣ್ಣುಮಗಳು ಗಾಡಿ ತಳ್ಳಿಕೊಂಡು ಬಂದಳು. ನನ್ನ ಹೆಸರು ಓದಿ ಒಂದು ಡಬ್ಬಿ ಕೊಟ್ಟಳು. ಟಿಕೆಟ್ ತೆಗೆದವರು ಊಟಕ್ಕೂ ಮೊದಲೇ ರೊಕ್ಕ ತುಂಬಿದ್ದರು. ಕಾಗದದ ಡಬ್ಬಿಯೊಳಗ ಒಣ ಉಪ್ಪಿಟ್ಟು, ಅದರ ಮ್ಯಾಲ ಬಿಸಿನೀರು ಸುರುವಿ, ಮುಚ್ಚಳ ಮುಚ್ಚಿ, ಸ್ವಲ್ಪ ತಡೀರಿ ಅಂದಳು. ಸಂಗಾಟ ಒಂದು ಹಣ್ಣಿನ ರಸದ ಪೊಟ್ಟಣ. ಹುಡುಗಗ ನಿಮಗೇನು ಬೇಕು ಅಂತ ಕೇಳಿದಳು. ಅವ ಕೈಯಾಗಿನ ಕಾರ್ಡಿನ ರೇಟು ನೋಡಿದ, ತಿರುವಿ ಇಟ್ಟ. "ಭೂಕ್ ನಹೀ ಹೈ" ಅಂದ. ನೀರು ಕೊಡಲೇನು ಅಂದರ ಅದಕ್ಕೂ ಬ್ಯಾಡ ಅಂದ. ನೀರು ಕೇಳಿದರ ಸುಮ್ಮನೆ ಕೊಡತಾರ ಅನ್ನೋದು ಅವಗೂ ಗೊತ್ತಿಲ್ಲ, ಆಗ ನನಗೂ ಗೊತ್ತಿಲ್ಲ. ಆಮ್ಯಾಲ ಮುಖ ಕಿಡಕಿಗೆ ತಿರುವಿದ.

ನಾನು ಮುಚ್ಚಳ ತೆಗೆದೆ. ಉಪ್ಪಿಟ್ಟಿನ ಒಗ್ಗರಣಿ ವಾಸನಿ ಬಂತು. ಉಂಡೆ. ಒಬ್ಬನೇ ಉಂಡೆ. ಕಾಲ ಬುಡಕ ಚೀಲದಾಗ ಇಪ್ಪತ್ತು ರೊಟ್ಟಿ ಇದ್ದವು. ಬಗ್ಗಿ ಗಂಟು ಬಿಚ್ಚೋದಷ್ಟೇ ಕೆಲಸ. ಬಿಚ್ಚಲಿಲ್ಲ. ಯಾಕ ಅಂತ ಖರೆ ಹೇಳತೀನಿ: ನಾಚಿಕಿ ಬಂತು. ಧೋತರದ ಗಂಟು, ಹಿಂಡಿ ವಾಸನಿ, ರೊಟ್ಟಿ ಮುರಿಯೋ ಸಪ್ಪಳ. ಬಾಜೂಕ ಮಲಗಿದ ಸಾಹೇಬ ಎದ್ದು ಏನಂದಾನು ಅಂತ. ನಾ ಯಾವ ರೊಟ್ಟಿ ಉಂಡು ಅರವತ್ತು ವರ್ಷ ಬದುಕೀನಿ, ಆ ರೊಟ್ಟಿಗೆ ನಾಚಿದೆ.

ಮರುದಿನ ಸಂಜೆ ದೊಡ್ಡ ವೇದಿಕೆ. ನಾನು ಹಾಡಿದ್ದು ದಾಸೋಹದ ಮ್ಯಾಲಿನ ತತ್ವಪದ. ಹಸಿದವಗ ಮೊದಲು, ನಿನಗ ಆಮ್ಯಾಲ ಅನ್ನೋ ಅರ್ಥದ್ದು. ಮಂದಿ ಭಾಳ ಚಪ್ಪಾಳಿ ಹೊಡೆದರು. ಆ ಚಪ್ಪಾಳಿ ನನ್ನ ಕೆನ್ನಿಗೆ ಹೊಡದಂಗ ಆಗತಿತ್ತು. ಶಾಲು ಹೊದಿಸಿದರು. ನನ್ನ ಕಣ್ಣ ಮುಂದ ಕಿಡಕಿಗೆ ಮುಖ ತಿರುವಿದ ಆ ಹುಡುಗನ ಕುತ್ತಿಗಿ ಒಂದೇ ಇತ್ತು.

ಊರಿಗೆ ಬಂದ ಮ್ಯಾಲ ನಮ್ಮ ಸಾಲಿ ಗುರುಗಳೊಬ್ಬರ ಮುಂದ ಇದನ್ನೆಲ್ಲ ಹೇಳಿದೆ. ಅವರು ವಯಸ್ಸಿನಾಗ ಸಣ್ಣವರು, ಓದಿನಾಗ ದೊಡ್ಡವರು. ಅವರು ಅಂದರು: "ಕಾಕಾ, ನೀವು ಸುಮ್ಮನೆ ಮನಸ್ಸಿಗೆ ಹಚ್ಚಿಕೊಂಡೀರಿ. ವಿಮಾನದ ಊಟ ಅನ್ನೋದು ಶುರು ಆಗಿದ್ದೇ ಮಾರಾಟದಿಂದ. 1919ರ ಅಕ್ಟೋಬರ್ 11ಕ್ಕ ಲಂಡನ್-ಪ್ಯಾರಿಸ್ ದಾರಿಯ ಹ್ಯಾಂಡ್ಲಿ ಪೇಜ್ ಕಂಪನಿ ವಿಮಾನದಾಗ ಮೊದಲನೇ ಊಟದ ಡಬ್ಬಿ ಕೊಟ್ಟರು. ಒಂದು ಡಬ್ಬಿಗೆ 3 ಶಿಲಿಂಗ್ ತಗೊಂಡರು. ಮುಂದ ದೊಡ್ಡ ಕಂಪನಿಗಳು ತಟ್ಟಿಯೊಳಗ ಬಿಸಿ ಊಟ ಇಟ್ಟು ಪುಕ್ಕಟೆ ಅಂದವು. ಅದು ಪುಕ್ಕಟೆ ಅಲ್ಲ, ಅದರ ರೊಕ್ಕ ಟಿಕೆಟಿನಾಗೇ ಕೂಡಿರತಿತ್ತು. ಉಣ್ಣದವನೂ ಕೊಡತಿದ್ದ."

ಅವರು ಇನ್ನೊಂದು ಮಾತೂ ಹೇಳಿದರು. "ನಿಮ್ಮಂಗ ಒಬ್ಬ ಒಕ್ಕಲಿಗ ಮನುಷ್ಯಾನೇ ಇದನ್ನ ಬದಲಿ ಮಾಡಿದ. ಹಾಸನ ಜಿಲ್ಲೆ ಗೊರೂರಿನ ಕ್ಯಾಪ್ಟನ್ ಗೋಪಿನಾಥ. ಸೈನ್ಯದಾಗ ಇದ್ದು ಬಂದು, ಹೊಲ ಮಾಡಿ, ರೇಷ್ಮಿ ಹುಳ ಸಾಕಿದವರು. 2003ರಾಗ ಏರ್ ಡೆಕ್ಕನ್ ಶುರು ಮಾಡಿ ಟಿಕೆಟ್ ಸೋವಿ ಮಾಡಿದರು. ಕೆಲವು ಟಿಕೆಟ್ 1 ರೂಪಾಯಿಗೂ ಮಾರಿದರು. ಊಟ ಮಾತ್ರ ಸುಮ್ಮನೆ ಕೊಡಲಿಲ್ಲ, ಬೇಕಾದವರು ಕೊಂಡುಕೊಳ್ಳಬೇಕು. ಹಂಗ ಮಾಡಿದ್ದಕ್ಕ ಆ ಗವಂಡಿ ಹುಡುಗ ವಿಮಾನ ಹತ್ತಿದ, ತಂದಿ ಮುಖ ನೋಡಲಿಕ್ಕ ಹೋದ. ಪುಕ್ಕಟೆ ಊಟ ಇದ್ದಿದ್ದರ ಅವ ವಿಮಾನದಾಗೇ ಇರತಿದ್ದಿಲ್ಲ. ಹಿಂಗಿದ್ದ ಮ್ಯಾಲ ತಪ್ಪೆಲ್ಲಿ ಬಂತು?"

ಗುರುಗಳ ಮಾತು ಖರೆ ಅದ. ಎರಡು ದಿನ ಹೊಲದಾಗ ಕೆಲಸ ಮಾಡತಾ ಮಾಡತಾ ಅದನ್ನೇ ವಿಚಾರ ಮಾಡಿದೆ. ಕಂಪನಿಯವರದು ವ್ಯಾಪಾರ. ಅವರಿಗೆ ಒಂದೊಂದು ಕಾಳಿಗೂ ಲೆಕ್ಕ. ಅಮೆರಿಕದ ಒಂದು ವಿಮಾನ ಕಂಪನಿಯವರು 1980ರ ದಶಕದಾಗ ಊಟದ ತಟ್ಟಿಯೊಳಗಿನ ಹಸಿ ತರಕಾರಿಯಿಂದ ಒಂದೇ ಒಂದು ಆಲಿವ್ ಕಾಯಿ ಕಡಿಮಿ ಮಾಡಿ ವರ್ಷಕ್ಕ ಸುಮಾರು 40 ಸಾವಿರ ಡಾಲರ್ ಉಳಿಸಿದರು ಅಂತ ಗುರುಗಳೇ ಹೇಳಿದರು. ನಾನು ಅವರಿಗೆ ಬಯ್ಯೋದಿಲ್ಲ. ಸಂತಿಯೊಳಗ ಕುಂತು ಭಜಿ ಕರೆಯೋ ನಮ್ಮ ಅಕ್ಕನೂ ಭಜಿ ಎಣಿಸಿಯೇ ಕೊಡತಾಳ. ಮಾರೋರು ಮಾರಬೇಕು.

ಆದರ ಗುರುಗಳ ಲೆಕ್ಕದಾಗ ಇರೋದು ಇಬ್ಬರೇ: ಕಂಪನಿ, ಮತ್ತ ಊಟ ಕೊಳ್ಳೋವ. ಬಾಜೂಕ ಕುಂತವನು ಆ ಲೆಕ್ಕದಾಗ ಇಲ್ಲ. ನನ್ನ ಪ್ರಶ್ನಿ ಇರೋದು ಅವನ ಮ್ಯಾಲ.

ನಮ್ಮ ಸೀಮಿಯೊಳಗ ಎಳ್ಳ ಅಮಾಸಿ ಎಲ್ಲರಿಗೂ ಗೊತ್ತು. ಉಮರ್ಗಾ, ನಿಲಂಗಾ, ಉದಗೀರ, ಆ ಕಡೆ ಬೀದರ, ಕಲಬುರಗಿ, ಮರಾಠಿ ಮಂದಿ ವೇಳ ಅಮಾವಾಸ್ಯೆ ಅಂತಾರ. ಅಂದು ಊರಿಗೆ ಊರೇ ಹೊಲದಾಗ. ಭಜ್ಜಿ, ಸಜ್ಜಿ ರೊಟ್ಟಿ, ಅಂಬಲಿ ಗಡಿಗಿ ಹೊತ್ತುಕೊಂಡು ಹೋಗಿ, ಮೊದಲು ಹೊಲಕ್ಕ ಚರಗ ಚೆಲ್ಲಿ, ಆಮ್ಯಾಲ ಉಣ್ಣೋದು. ದಾರಿಗೆ ಹೋಗೋವ ಯಾವ ಜಾತಿಯವ, ಯಾವ ಊರವ ಅಂತ ಕೇಳೋದಿಲ್ಲ. "ಏ ತಮ್ಮಾ, ಬಾ, ಉಂಡು ಹೋಗು" ಅಂತ ಕೂಗತೀವಿ. ಆ ಹೊಲ ನಂದೇ, ಜೋಳ ನಂದೇ, ಬೆವರು ನಂದೇ. ನಂದು ಅನ್ನೋದು ಗೊತ್ತಿದ್ದೇ ಕೂಗತೀವಿ. ನಂದು ಆಗಿದ್ದಕ್ಕೇ ಕರೆಯೋ ಹಕ್ಕು ನನಗ ಬಂತು. ಬ್ಯಾರೆಯವರ ಹೊಲಕ್ಕ ನಾ ಯಾರನ್ನ ಕರೀಲಿ?

ಇನ್ನೊಂದು ನೆನಪು. 1972ರ ಬರಗಾಲ. ಆಗ ನಾನು ಹನ್ನೆರಡರ ಹುಡುಗ. ನಮ್ಮವ್ವ ರಸ್ತೆ ಕೆಲಸಕ್ಕ ಹೋಗಿ ಖಡಿ ಒಡೀತಿದ್ದಳು. ಅಂಗಡಿಯೊಳಗ ಅಮೆರಿಕದ ಕೆಂಪು ಮಿಲೋ ಜೋಳ. ಕೆಲಸದ ಜಾಗಾದಾಗ ಸುಕಡಿ ಹಂಚತಿದ್ದರು, ಹಿಟ್ಟು ಬೆಲ್ಲ ಕೂಡಿಸಿ ಮಾಡಿದ್ದು. ಲೆಕ್ಕದ ಪ್ರಕಾರ ಸಿಗೋದು. ನಮ್ಮ ಸಂಗಾಟ ಒಬ್ಬ ಹುಡುಗನ ಹೆಸರು ಪಟ್ಟಿಯೊಳಗ ಇರಲಿಲ್ಲ. ನಮ್ಮವ್ವ ನನ್ನ ಪಾಲಿನಿಂದ ಅರ್ಧ ತೆಗೆದು ಅವನ ಕೈಯಾಗ ಇಟ್ಟಳು. ನಾ ಅತ್ತೆ. "ಪಟ್ಟಿ ಸರಕಾರದ್ದು, ಕೈ ನಮ್ಮದು ಅಲ್ಲೇನೋ" ಅಂದಳು. ನಾನು ಹಸಿದಿದ್ದೆ, ಸಿಟ್ಟು ಬಂದಿತ್ತು. ಅವ್ವನ ಆ ಮಾತು ತಿಳಿಯಲಿಕ್ಕ ನನಗ ವಿಮಾನ ಹತ್ತಬೇಕಾಯ್ತು.

ಇದನ್ನು ಗುರುಗಳ ಮುಂದ ಹೇಳಿದೆ. ಅವರು ಮತ್ತೊಂದು ಪ್ರಶ್ನಿ ಕೇಳಿದರು, ಅದೂ ಸಣ್ಣದಲ್ಲ. "ಕಾಕಾ, ಅವ ದುಡಿಯೋ ಹುಡುಗ. ಹಸಿವಿಲ್ಲ ಅಂತ ಅಂದ. ನೀವು ರೊಟ್ಟಿ ಮುಂದ ಮಾಡಿದ್ದರ ಅವನ ಮರ್ಯಾದಿ ಏನಾಗತಿತ್ತು? ಭಿಕ್ಷೆ ಹಾಕಿದಂಗ ಆಗತಿದ್ದಿಲ್ಲೇನು?"

ಇಲ್ಲಿ ನಾನು ಭಾಳ ಹೊತ್ತು ಸುಮ್ಮನೆ ಕುಂತೆ. ಕೊಡೋದ್ರಾಗೂ ಒಂದು ಸೊಕ್ಕು ಇರತದ, ಅದು ಖರೆ. ನೆರೆ ಬಂದಾಗ, ಭೂಕಂಪ ಆದಾಗ ಫೋಟೋ ತೆಗೆಸಿಕೊಳ್ಳತಾ ಬ್ರೆಡ್ಡು ಹಂಚೋರನ್ನ ನಾವು ನೋಡೀವಿ. ಆದರ ನಮ್ಮ ಹಿರಿಯರು ಇದಕ್ಕ ಮೊದಲೇ ಒಂದು ದಾರಿ ಮಾಡಿಟ್ಟಾರ. ನಾವು ಉಣ್ಣೋವಾಗ ಯಾರರ ಬಂದರ ಏನಂತೀವಿ? "ಬರ್ರಿ, ಊಟ ಮಾಡೋಣು." ಬಂದವರು ಏನಂತಾರ? "ನೀವು ಮಾಡ್ರಿ, ನಮ್ಮದು ಆಗ್ಯದ." ಎಷ್ಟೋ ಸಲ ಆಗಿರೋದಿಲ್ಲ, ಇಬ್ಬರಿಗೂ ಗೊತ್ತಿರತದ. ಆದರೂ ಆ ಎರಡು ಮಾತು ಆಡತೀವಿ. ಯಾಕ? ಕರೆದವನು ಕೊಡೋ ಧಣಿ ಆಗೋದಿಲ್ಲ, ಬಂದವನು ಬೇಡೋವ ಆಗೋದಿಲ್ಲ. ಹೂಂ ಅನ್ನಲಿಕ್ಕ ಜಾಗ ಅದ, ಬ್ಯಾಡ ಅನ್ನಲಿಕ್ಕೂ ಜಾಗ ಅದ. "ತಗೋ" ಅನ್ನೋದು ಬ್ಯಾರೆ, "ಬಾ, ಕೂಡಿ ಉಣ್ಣೋಣು" ಅನ್ನೋದು ಬ್ಯಾರೆ. ಮೊದಲನೇದ್ರಾಗ ಕೈ ಮ್ಯಾಲ-ಕೆಳಗ ಆಗತದ. ಎರಡನೇದ್ರಾಗ ಇಬ್ಬರ ಕೈನೂ ಒಂದೇ ರೊಟ್ಟಿ ಮ್ಯಾಲ.

ಆ ಹುಡುಗ ಬ್ಯಾಡ ಅಂದಿದ್ದರ ಅದು ಅವನ ಮಾತು. ನಾನು ಕರೀಲಿಲ್ಲ, ಇದು ನನ್ನ ತಪ್ಪು. ಉಪ್ಪಿಟ್ಟು ಉಂಡದ್ದು ತಪ್ಪಲ್ಲ. "ಬಾರಪ್ಪಾ" ಅನ್ನೋ ಒಂದು ಮಾತು, ರೊಕ್ಕ ಇಲ್ಲದ ಮಾತು, ಅದನ್ನು ನುಂಗಿದ್ದು ತಪ್ಪು. ಕಂಪನಿ ಊಟ ಮಾರತದ, ಮಾರಲಿ. ಬಾಜೂಕ ಕುಂತವನನ್ನ ಕರೆಯೋ ಹಕ್ಕನ್ನು ಯಾವ ಕಂಪನಿಯೂ ನಮ್ಮಿಂದ ಕಸಗೊಂಡಿಲ್ಲ. ನಾವೇ ಅದನ್ನು ಕೆಳಗ ಬಿಟ್ಟು ವಿಮಾನ ಹತ್ತತೀವಿ.

ಮ್ಯಾಲ ಹೋದರ ನಾಲಿಗಿಗೆ ರುಚಿ ಹತ್ತೋದಿಲ್ಲಂತ. ವಿಮಾನದೊಳಗಿನ ಗಾಳಿ ಭಾಳ ಒಣ, ಒತ್ತಡ ಕಡಿಮಿ, ಉಪ್ಪು ಸಿಹಿ ಎರಡೂ ಸಪ್ಪಗ ಅನಸತಾವ ಅಂತ ಗುರುಗಳು ತಿಳಿಸಿದರು. ನನ್ನ ಉಪ್ಪಿಟ್ಟೂ ಸಪ್ಪಗೇ ಇತ್ತು. ಗಾಳಿಯಿಂದ ಇರಬಹುದು. ಆದರ ಅವರೇ ಹೇಳಿದ ಇನ್ನೊಂದು ಸಂಗತಿ ನನಗ ಭಾಳ ಸೇರಿತು. ವಿಮಾನ ನಡೆಸೋ ಇಬ್ಬರೂ ಒಂದೇ ಅಡಿಗಿ ಉಣ್ಣೋದಿಲ್ಲ, ಬ್ಯಾರೆ ಬ್ಯಾರೆ ಉಣ್ಣೋ ಪದ್ಧತಿ ಅದ. ಒಂದು ಅಡಿಗಿ ಕೆಟ್ಟು ಒಬ್ಬಗ ತ್ರಾಸಾದರ ಇನ್ನೊಬ್ಬ ವಿಮಾನ ಇಳಿಸಬೇಕಲ್ಲ. ನೋಡ್ರಿ, ಅಲ್ಲಿ ಮುಂದ ಕುಂತವರು ಹಿಂದ ಕುಂತ ನೂರಾರು ಮಂದಿ ಸಲುವಾಗಿ ವಿಚಾರ ಮಾಡಿ ತುತ್ತು ಎತ್ತತಾರ. ಹಿಂದ ಕುಂತ ನಾನು ಒಂದು ಮೊಳ ದೂರದ ಮನುಷ್ಯಾನ ವಿಚಾರ ಮಾಡಲಿಲ್ಲ.

ತಿರುಗಿ ಬರೋವಾಗ ಬಾಜೂಕ ಒಬ್ಬ ಹೆಣ್ಣುಮಗಳು ಕುಂತಿದ್ದಳು, ಆಫೀಸಿನಾಕಿ ಕಂಡಳು. ಈ ಸಲ ಗಂಟು ಬಿಚ್ಚಿ ತೊಡಿ ಮ್ಯಾಲ ಇಟ್ಟುಕೊಂಡೆ. ರೊಟ್ಟಿ ಮುರಿದ ಸಪ್ಪಳಕ್ಕ ಮುಂದಿನವರು ತಿರುಗಿ ನೋಡಿದರು. "ಆವೋ ಬೇಟಿ, ಖಾನಾ ಖಾಯೇಂಗೆ" ಅಂದೆ. ಆಕೆ ನಕ್ಕು, "ಆಪ್ ಖಾಯಿಯೇ, ಅಂಕಲ್" ಅಂದಳು. ಅಷ್ಟೇ. ರೊಟ್ಟಿ ಗಂಟಲಾಗ ಇಳೀತು.

ಮನಿಗೆ ಬಂದು ಖಾಲಿ ಧೋತರ ಕೊಟ್ಟೆ. ಮನೆಯಾಕೆ ಅದನ್ನು ಜಾಡಿಸಿ, "ಯಾರ್ಯಾರಿಗೆ ಕೊಟ್ಟಿರಿ?" ಅಂತ ಕೇಳಿದಳು. ನಮ್ಮ ಮೇಳದವರೇ ಉಂಡೆವು ಅಂದೆ. "ದಾರಿಯಾಗ ಯಾರೂ ಸಿಗಲಿಲ್ಲೇನು?" ಅಂದಳು. ಸಿಕ್ಕಿದ್ದ ಅಂತ ಆಕೆ ಮುಂದ ಇವತ್ತಿನ ತನಕ ಹೇಳಿಲ್ಲ. ಆಕೆಗೆ ಓದಲಿಕ್ಕ ಬರೋದಿಲ್ಲ. ಈ ಪುಸ್ತಕ ಬಂದ ಮ್ಯಾಲ ನಾನೇ ಓದಿ ಹೇಳಬೇಕು.